ಅಪ್ಪ-ಅಮ್ಮನ ಪಿ.ಆರ್.ಗೆ ಮೂರು ವರ್ಷದ ಲೆಕ್ಕ

ಕೆನಡಾದಲ್ಲಿ ನೆಲೆಸಿದವರು ತಂದೆ-ತಾಯಿಯನ್ನು ಕಾಯಂ ನಿವಾಸಿಗಳಾಗಿ (ಪಿ.ಆರ್.) ಕರೆಸಿಕೊಳ್ಳಲು ಹಾಕುವ ಅರ್ಜಿಗಳನ್ನು ಸಿದ್ಧಪಡಿಸುವುದು ನನ್ನ ವೃತ್ತಿ. ಟೊರಾಂಟೊ ಸುತ್ತಮುತ್ತಲಿನ ಕನ್ನಡ ಮನೆಗಳವರೂ ಬರುತ್ತಾರೆ. ಆಸಕ್ತಿ ಪತ್ರ ಸಲ್ಲಿಸಿದವರಲ್ಲಿ ಯಾರಿಗೆ ಅರ್ಜಿಯ ಆಹ್ವಾನ ಎಂಬುದು ಡ್ರಾದಲ್ಲಿ ತೀರ್ಮಾನವಾಗುವುದರಿಂದ, ಎಲ್ಲರ ಮೊದಲ ಪ್ರಶ್ನೆ, “ಡ್ರಾದಲ್ಲಿ ಹೆಸರು ಬರುತ್ತದಾ?” ಹೆಸರು ಬಂದ ಮೇಲೂ ಆದಾಯದ ಲೆಕ್ಕದಲ್ಲಿ ಮುಗ್ಗರಿಸಿದ ಅರ್ಜಿಗಳನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಕ್ವಿಬೆಕ್‌ನ ನಿಯಮಗಳೇ ಬೇರೆ. ಇಲ್ಲಿರುವುದು ಉಳಿದ ಪ್ರಾಂತ್ಯಗಳ ಮಾತು.

1. ಅಧಿಕಾರಿ ನೋಡುವುದು ಒಂದೇ ಸಾಲನ್ನು.
ಪ್ರತಿವರ್ಷ ತೆರಿಗೆ ಇಲಾಖೆ ಕಳಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್‌ನಲ್ಲಿ 15000ನೇ ಸಾಲು ಇರುತ್ತದೆ: ಒಟ್ಟು ಆದಾಯ. ಬ್ಯಾಂಕಿನಲ್ಲಿ ಎಷ್ಟಿದೆ, ಬೆಂಗಳೂರಿನ ಸೈಟಿಗೆ ಎಷ್ಟು ಬೆಲೆ, ಅಪ್ಪನಿಗೆ ಎಷ್ಟು ಪೆನ್ಷನ್ ಬರುತ್ತದೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಹೋದಾಗ ಸಿಗುವ ಇ.ಐ. (ಉದ್ಯೋಗ ವಿಮೆ) ಹಣವನ್ನು ಆ ಸಾಲಿನಿಂದಲೂ ಕಳೆಯುತ್ತಾರೆ. ಹೆರಿಗೆ, ಶಿಶುಪಾಲನೆ ರಜೆಯಂಥ ವಿಶೇಷ ಇ.ಐ. ಮಾತ್ರ ಉಳಿಯುತ್ತದೆ. ನಿವೃತ್ತಿ ಉಳಿತಾಯದ ಆರ್.ಆರ್.ಎಸ್.ಪಿ.ಗೆ ಹಣ ಕಟ್ಟಿದರೆ ಆದಾಯ ಕಡಿಮೆ ಕಾಣುತ್ತದೆಂದು ಹಲವರು ಹೆದರುತ್ತಾರೆ. ಹೆದರಬೇಕಿಲ್ಲ, ಆ ವಿನಾಯಿತಿ 15000ನೇ ಸಾಲು ದಾಟಿದ ಮೇಲೆ ಬರುತ್ತದೆ. ಹೆದರಬೇಕಾದದ್ದು ಬಾಡಿಗೆಗೆ ಕೊಟ್ಟ ಕಾಂಡೊ ತೋರಿಸುವ ನಷ್ಟಕ್ಕೆ. ಅದು ನೇರವಾಗಿ ಈ ಸಾಲನ್ನೇ ಕೆಳಗಿಳಿಸುತ್ತದೆ.

2. ತಲೆ ಎಣಿಸುವಾಗ ಬರಲಾರದವರನ್ನೂ ಎಣಿಸಿ.
ನೀವು, ನಿಮ್ಮ ಸಂಗಾತಿ, ನಿಮ್ಮನ್ನು ಅವಲಂಬಿಸಿದ ಮಕ್ಕಳು, ಕರೆಸಿಕೊಳ್ಳುವ ಅಪ್ಪ-ಅಮ್ಮ. ಅಮ್ಮ ಬರುತ್ತಾರೆ, ಅಪ್ಪ ತೋಟ ಬಿಟ್ಟು ಬರುವುದಿಲ್ಲ ಎಂದರೂ ಅಪ್ಪ ಲೆಕ್ಕದಲ್ಲಿರುತ್ತಾರೆ. ಹಿಂದೆ ಅತ್ತೆ-ಮಾವನನ್ನು ಸ್ಪಾನ್ಸರ್ ಮಾಡಿದ್ದರೆ, ಆಗ ಬರೆದುಕೊಟ್ಟ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಅವರೂ ಇರುತ್ತಾರೆ. 2023ರ ತೆರಿಗೆ ವರ್ಷಕ್ಕೆ ನಾಲ್ಕು ಜನರ ಕುಟುಂಬಕ್ಕೆ ಬೇಕಿದ್ದ ಕನಿಷ್ಠ ಆದಾಯ 66,466 ಡಾಲರ್, ಆರು ಜನಕ್ಕೆ 85,020. ಇಬ್ಬರು ಮಕ್ಕಳಿರುವ ದಂಪತಿ ನಾಲ್ಕರ ಸಾಲನ್ನು ನೋಡಿ ಸಮಾಧಾನಪಟ್ಟುಕೊಂಡಿರುತ್ತಾರೆ. ಅವರಿಗೆ ಅನ್ವಯಿಸುವುದು ಆರರ ಸಾಲು.

3. ಮೂರು ವರ್ಷವೂ ಪಾಸಾಗಬೇಕು.
2014ರಲ್ಲಿ ಕಾರ್ಯಕ್ರಮ ಮತ್ತೆ ತೆರೆದಾಗ ನಿಯಮ ಬಿಗಿಯಾಯಿತು: ಕಡಿಮೆ ಆದಾಯದ ಗೆರೆಯ ಮೇಲೆ ಇನ್ನೂ ಶೇ. 30 ಸೇರಿಸಿ, ಅರ್ಜಿಗೆ ಹಿಂದಿನ ಸತತ ಮೂರು ತೆರಿಗೆ ವರ್ಷ ತೋರಿಸಬೇಕು. ಸರಾಸರಿ ತೆಗೆಯುವ ಪದ್ಧತಿ ಇಲ್ಲ. ಎರಡು ವರ್ಷ ಲಕ್ಷ ಡಾಲರ್ ದುಡಿದು, ನಡುವಿನ ವರ್ಷ ಲೇಆಫ್ ಆಗಿ ಗೆರೆಗಿಂತ ಇಳಿದರೆ ಅರ್ಜಿ ಬೀಳಲು ಆ ಒಂದು ವರ್ಷವೇ ಸಾಕು. ಸೆಪ್ಟೆಂಬರಿನಲ್ಲಿ ಬಂದಿಳಿದವರ ಮೊದಲ ವರ್ಷದ ಲೆಕ್ಕದಲ್ಲಿ ನಾಲ್ಕೇ ತಿಂಗಳ ಸಂಬಳ ಇರುತ್ತದೆ. ಅದಕ್ಕೆ ಮುಂಚೆ ಭಾರತದಲ್ಲಿ ದುಡಿದದ್ದು ಸೇರುವುದಿಲ್ಲ. ಅರ್ಜಿ ಹಾಕಿದ ಮೇಲೂ, ಅಪ್ಪ-ಅಮ್ಮನ ಕೈಗೆ ಪಿ.ಆರ್. ಸಿಗುವವರೆಗೂ ಆದಾಯವನ್ನು ಮತ್ತೆ ಪರಿಶೀಲಿಸಬಹುದು.

4. ಸ್ವಂತ ಕಂಪನಿ ಇದ್ದವರು ಅಕೌಂಟೆಂಟ್‌ಗೆ ಮೊದಲೇ ಹೇಳಿಡಿ.
ನನಗೆ ಅತಿ ಹೆಚ್ಚು ಸಂಕಟ ತರುವ ಕಡತಗಳು ಇವು. ಒಬ್ಬ ಐ.ಟಿ. ಕಾಂಟ್ರಾಕ್ಟರ್ ಮೂರು ನೋಟಿಸ್‌ಗಳನ್ನು ನನ್ನ ಮೇಜಿನ ಮೇಲಿಟ್ಟರು. ಅವರ ಕಂಪನಿಯ ಖಾತೆಯಲ್ಲಿ ಬೇಕಾದಷ್ಟು ಹಣವಿತ್ತು. ತೆರಿಗೆ ಉಳಿಸಲೆಂದು ತಾವು ಸಂಬಳವಾಗಿ ತೆಗೆದುಕೊಂಡದ್ದು ಮನೆಖರ್ಚಿಗೆ ಆಗುವಷ್ಟು ಮಾತ್ರ. ಕಂಪನಿಯ ಲಾಭ ಕಂಪನಿಯದು; ಅವರ ಹೆಸರಿನ 15000ನೇ ಸಾಲು ಚಿಕ್ಕದಾಗಿಯೇ ಇತ್ತು. ಅಕೌಂಟೆಂಟ್ ತಪ್ಪು ಮಾಡಿರಲಿಲ್ಲ, ತಂದೆ-ತಾಯಿಯನ್ನು ಕರೆಸುವ ಯೋಚನೆ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಟ್ಯಾಕ್ಸಿ, ಟ್ರಕ್ ಓಡಿಸುವವರಿಗೂ ಇದೇ ಮಾತು: ಖರ್ಚು ಕಳೆದು ಉಳಿದದ್ದೇ ಆದಾಯ.

5. ಕೈಜೋಡಿಸಲು ಸಂಗಾತಿಗೆ ಮಾತ್ರ ಅವಕಾಶ.
ಗಂಡ-ಹೆಂಡತಿಯ ಆದಾಯ ಸೇರಿಸಬಹುದು, ಕಾನೂನು ಒಪ್ಪುವ ಸಹಜೀವನದ ಸಂಗಾತಿಯದೂ ಸರಿ. ಅಣ್ಣ ಕ್ಯಾಲ್ಗರಿಯಲ್ಲಿ ಚೆನ್ನಾಗಿ ದುಡಿಯುತ್ತಿದ್ದರೂ ನಿಮ್ಮ ಅರ್ಜಿಗೆ ಸಹಿ ಹಾಕಲಾಗದು. ಹಾಗಿದ್ದರೆ ಅಣ್ಣನೇ ಸ್ಪಾನ್ಸರ್ ಆಗಲಿ.

6. ಮುಚ್ಚಳಿಕೆಗೆ ಹಾಕುವ ಸಹಿ ಇಪ್ಪತ್ತು ವರ್ಷದ್ದು.
ಅಷ್ಟೂ ಕಾಲ ಅಪ್ಪ-ಅಮ್ಮ ಸರ್ಕಾರದ ಸಾಮಾಜಿಕ ನೆರವಿನ ಹಣ ಪಡೆದರೆ ಸ್ಪಾನ್ಸರ್ ಅದನ್ನು ಹಿಂದಿರುಗಿಸಬೇಕು. ಕೆಲಸ ಹೋಗಲಿ, ವಿಚ್ಛೇದನವೇ ಆಗಲಿ, ಜತೆಗೆ ಸಹಿ ಹಾಕಿದ ಸಂಗಾತಿಗೂ ಬಿಡುಗಡೆಯಿಲ್ಲ. ವೃದ್ಧಾಪ್ಯ ವೇತನಕ್ಕೂ ಸಾಮಾನ್ಯವಾಗಿ ಹತ್ತು ವರ್ಷ ಇಲ್ಲಿ ವಾಸಿಸಿರಬೇಕು. ಸೊಸೆ ಅಥವಾ ಅಳಿಯನಿಗೆ ಇದನ್ನು ಬಿಡಿಸಿ ಹೇಳದೆ ನಾನು ಸಹಿ ಹಾಕಿಸುವುದಿಲ್ಲ.

7. ಸೂಪರ್ ವೀಸಾವನ್ನು ಎರಡನೇ ದರ್ಜೆಯದೆಂದು ಕಾಣಬೇಡಿ.
2020ರ ಶರತ್ಕಾಲದಲ್ಲಿ ಆಸಕ್ತಿ ಪತ್ರ ಸಲ್ಲಿಸಿದವರ ಪಟ್ಟಿಯಿಂದಲೇ 2025ರಲ್ಲೂ ಪಿ.ಆರ್. ಅರ್ಜಿಗೆ ಆಹ್ವಾನ ಹೋಯಿತು. ತಂದೆ-ತಾಯಿ ದೀರ್ಘಕಾಲದ ಭೇಟಿಗೆ ಬರಲು ಕೊಡುವ ಸೂಪರ್ ವೀಸಾಕ್ಕೆ ಇಂಥ ಡ್ರಾ ಇಲ್ಲ, ಶೇ. 30ರ ಹೆಚ್ಚುವರಿಯೂ ಇಲ್ಲ. ಕನಿಷ್ಠ ಒಂದು ಲಕ್ಷ ಡಾಲರ್‌ನ ಆರೋಗ್ಯ ವಿಮೆ ಬೇಕು, ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು. ಪಿ.ಆರ್. ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಕಳೆಯಬೇಕು. ಅಡಿಕೆ ಕೊಯ್ಲು, ಊರ ಜಾತ್ರೆ, ಮೊಮ್ಮಕ್ಕಳ ಮದುವೆ ಎಂದು ಹಾಸನಕ್ಕೂ ಸಾಗರಕ್ಕೂ ವರ್ಷದ ಬಹುಪಾಲು ಓಡಾಡಿಕೊಂಡಿರುವ ಹಿರಿಯರಿಗೆ ಸೂಪರ್ ವೀಸಾವೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ನನ್ನಂಥವರಿಗೆ ಫೋನ್ ಮಾಡುವ ಮುಂಚೆ ಎರಡು ಕೆಲಸ ಮಾಡಿ. ಮೂರು ವರ್ಷದ ನೋಟಿಸ್ ತೆಗೆದು 15000ನೇ ಸಾಲು ನೋಡಿ. ಆಮೇಲೆ ಊರಿಗೆ ಫೋನ್ ಮಾಡಿ, ಇಲ್ಲಿ ಬಂದು ಇರಲು ಮನಸ್ಸಿದೆಯೇ ಎಂದು ಅಪ್ಪನನ್ನೂ ಅಮ್ಮನನ್ನೂ ಬೇರೆ ಬೇರೆಯಾಗಿ ಕೇಳಿ.