ನೋವಿರುವವರಿಗೆ ಹಲಗೆಯ ಶಿಕ್ಷೆ ಬೇಡ

ಕೆಲವು ತಿಂಗಳ ಹಿಂದೆ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ಅರವತ್ತು ದಾಟಿದ ಅಜ್ಜಿಯೊಬ್ಬರನ್ನು ಅವರ ಮಗ ನನ್ನ ಬಳಿಗೆ ಕರೆತಂದಿದ್ದರು. ಎರಡು ವರ್ಷಗಳಿಂದ ಸೊಂಟ ನೋವು. "ಹಗಲು ಹೆಂಗೋ ಕಳೀತದೆ ಸಾಮಿ, ರಾತ್ರೀನೇ ಕಳೆಯೋಕಾಗಲ್ಲ" ಎಂದರು ಅಜ್ಜಿ. ಎಲ್ಲಿ ಮಲಗುತ್ತೀರಿ ಎಂದು ಕೇಳಿದೆ. ಉತ್ತರ ಕೊಟ್ಟವರು ಮಗ: "ಹತ್ತಿ ಹಾಸಿಗೆ ತೆಗೆಸಿಬಿಟ್ಟಿದ್ದೀವಿ ಸಾರ್. ನೆಲದ ಮೇಲೆ ಹಲಗೆ ಹಾಕಿ, ಮೇಲೊಂದು ಚಾಪೆ ಹಾಸಿದ್ದೀವಿ. ಬೆನ್ನು ನೋವಿಗೆ ಗಟ್ಟಿ ಜಾಗ ಒಳ್ಳೇದಂತಲ್ಲ?"

ಇನ್ನೂ ಒಂದು ವಿಷಯ ಮಾತಿನ ನಡುವೆ ತಿಳಿಯಿತು. ನೆಲದಿಂದ ಏಳಲು ಕಷ್ಟವೆಂದು ಅಜ್ಜಿ ಸಂಜೆಯ ನಂತರ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ರಾತ್ರಿ ಮೂತ್ರಕ್ಕೆ ಹೋಗುವುದು ತಪ್ಪಲಿ ಎಂಬ ಲೆಕ್ಕ. ಅದರಿಂದ ಮಲಬದ್ಧತೆ, ಉರಿಮೂತ್ರ. ಸೊಂಟದ ನೋವಿಗೆ ಇವೆರಡೂ ಜೊತೆಯಾಗಿದ್ದವು. ಮಗನ ಉದ್ದೇಶ ಒಳ್ಳೆಯದೇ. ಆದರೆ ಹಲಗೆ ಔಷಧಿಯಲ್ಲ.

ಗಟ್ಟಿ ಹಾಸಿಗೆಯ ನಂಬಿಕೆ

ಬೆನ್ನು ನೋವಿನವರು ಹಲಗೆಯ ಮೇಲೆ ಮಲಗಬೇಕೆಂದು ಹಿಂದೆ ವೈದ್ಯರೇ ಹೇಳುತ್ತಿದ್ದರು. ಈಗ ಆ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಸ್ಪೇನ್ ದೇಶದಲ್ಲಿ ದೀರ್ಘಕಾಲದ ಸೊಂಟ ನೋವಿದ್ದ 313 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದು 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಡಸಿನ ಹಾಸಿಗೆ ಕೊಡಲಾಯಿತು. ಯಾರಿಗೆ ಯಾವುದು ಎಂಬುದನ್ನು ಅವರಿಗೆ ಹೇಳಿರಲಿಲ್ಲ. 90 ದಿನಗಳ ನಂತರ ವಿಚಾರಿಸಿದಾಗ, ಮಲಗಿದಾಗಿನ ನೋವಾಗಲಿ, ಬೆಳಿಗ್ಗೆ ಏಳುವಾಗಿನ ನೋವಾಗಲಿ ಹೆಚ್ಚು ತಗ್ಗಿದ್ದು ಮಧ್ಯಮ ಹಾಸಿಗೆಯವರಲ್ಲಿ.

ಕಾರಣ ಸರಳ. ನಮ್ಮ ಬೆನ್ನು ಹಲಗೆಯಂತೆ ಚಪ್ಪಟೆಯಾಗಿಲ್ಲ. ಭುಜ ಮತ್ತು ಪೃಷ್ಠ ಉಬ್ಬಿವೆ, ಸೊಂಟ ಮತ್ತು ಕುತ್ತಿಗೆ ಒಳಗೆ ಬಾಗಿವೆ. ಹಲಗೆಯ ಮೇಲೆ ಉಬ್ಬಿದ ಜಾಗಗಳಷ್ಟೇ ಒತ್ತುತ್ತವೆ, ಸೊಂಟ ಆಧಾರವಿಲ್ಲದೆ ತೂಗುತ್ತದೆ. ಅದನ್ನು ಎತ್ತಿ ಹಿಡಿಯಲು ಸ್ನಾಯುಗಳು ರಾತ್ರಿಯೆಲ್ಲ ಬಿಗಿದುಕೊಂಡಿರುತ್ತವೆ. ಜೋತುಬಿದ್ದ ನವಾರಿನ ಮಂಚದಲ್ಲಿ ಇದಕ್ಕೆ ವಿರುದ್ಧ: ಸೊಂಟ ಗುಂಡಿಯಲ್ಲಿ ಕೂತು ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಎರಡೂ ತಪ್ಪೇ.

ಕೈ ತೂರಿಸಿ ನೋಡಿ

ನಿಮ್ಮ ಹಾಸಿಗೆ ಹೇಗಿದೆಯೆಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನೋವಿರುವವರನ್ನು ಅಂಗಾತ ಮಲಗಿಸಿ, ಸೊಂಟದ ಕೆಳಗೆ ನಿಮ್ಮ ಅಂಗೈ ತೂರಿಸಿ. ಕೈ ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದರೆ ಹಾಸಿಗೆ ತೀರಾ ಗಟ್ಟಿ. ಕೈ ತೂರದೆ ಪೃಷ್ಠ ಹೂತುಹೋಗಿದ್ದರೆ ತೀರಾ ಮೆತ್ತಗೆ. ಕೈ ಸ್ವಲ್ಪ ಒತ್ತಿಕೊಂಡು ಹೋದರೆ ಸರಿಯಾಗಿದೆ. ಆಮೇಲೆ ಮಗ್ಗುಲಾಗಿ ಮಲಗಿಸಿ ಹಿಂದಿನಿಂದ ನೋಡಿ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಹುರಿಯ ಸಾಲು ಹೆಚ್ಚುಕಡಿಮೆ ನೇರವಾಗಿರಬೇಕು.

ಇದ್ದುದರಲ್ಲೇ ಸರಿಪಡಿಸುವುದು

ಇದಕ್ಕೆ ದುಬಾರಿ ಹಾಸಿಗೆ ಬೇಕಿಲ್ಲ. 'ಆರ್ಥೋಪೆಡಿಕ್' ಎಂದು ಬರೆದ ಮಾತ್ರಕ್ಕೆ ಆ ಹಾಸಿಗೆ ವೈದ್ಯಕೀಯ ಪರೀಕ್ಷೆಯಲ್ಲಿ ಗೆದ್ದಿದೆ ಎಂದರ್ಥವಲ್ಲ. ಕೆಳಗೆ ಗಟ್ಟಿ, ಮೇಲೆ ಮೆತ್ತಗೆ: ಈ ಸೂತ್ರ ನೆನಪಿಡಿ.

ಹಲಗೆ ಮಂಚವಿದ್ದರೆ ಮೇಲೆ ಹತ್ತಿ ಹಾಸಿಗೆ ಇರಲಿ. ಹತ್ತಿ ಗಂಟುಗಟ್ಟಿದ್ದರೆ ಹಿಂಜಿಸಿ ಮತ್ತೆ ಹೊಲಿಸಿ. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಹಾಸುವಾಗ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ. ತೆಂಗಿನ ನಾರಿನ ಹಾಸಿಗೆ ಒತ್ತುತ್ತಿದ್ದರೆ ಮೇಲೆ ಎರಡಂಗುಲದ ಫೋಮ್ ಅಥವಾ ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹೊಲಿದ ಹಾಸು ಹಾಕಿ. ನವಾರು ಜೋತುಬಿದ್ದಿದ್ದರೆ ಬಿಗಿ ಮಾಡಿಸಿ. ಆಗದಿದ್ದರೆ ಅದರ ಮೇಲೆ ಪ್ಲೈವುಡ್ ಹಾಕಿ ಹಾಸಿಗೆ ಹಾಸಿ. ನಮ್ಮ ಕಡೆ ಚಳಿಗಾಲದ ಬೆಳಗಿನ ಜಾವ ಮೈ ಕೊರೆಯುತ್ತದೆ. ಚಳಿಗೆ ಸ್ನಾಯು ಬಿಗಿದರೆ ನೋವು ಹೆಚ್ಚುವುದರಿಂದ ಹೊದಿಕೆಯ ಜೊತೆಗೆ ಕೆಳಗೂ ಬೆಚ್ಚಗಿರಲಿ.

ದಿಂಬುಗಳ ಉಪಯೋಗ

ದಿಂಬಿನ ಕೆಲಸ ಖಾಲಿ ಜಾಗ ತುಂಬುವುದು. ಅಂಗಾತ ಮಲಗುವ ಸೊಂಟ ನೋವಿನವರು ಮಂಡಿಗಳ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಲಿ. ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ ಇಟ್ಟುಕೊಳ್ಳಲಿ. ಭುಜದ ನೋವಿನವರು ನೋವಿಲ್ಲದ ಮಗ್ಗುಲಿಗೆ ಮಲಗಿ, ಎದೆಯ ಮುಂದೆ ದಿಂಬು ತಬ್ಬಿಕೊಂಡು ನೋವಿನ ತೋಳನ್ನು ಅದರ ಮೇಲಿಡಲಿ. ತಲೆಗೆ ಒಂದೇ ದಿಂಬು ಸಾಕು. ಕುತ್ತಿಗೆ ನೋವಿದ್ದರೆ ಸಣ್ಣ ಟವೆಲ್ ಸುರುಳಿ ಸುತ್ತಿ ದಿಂಬಿನ ಗವಸಿನೊಳಗೆ, ಕುತ್ತಿಗೆ ಬರುವ ಕಡೆ ಸೇರಿಸಿ.

ಒಂದು ಎಚ್ಚರಿಕೆ: ಸಂಧಿವಾತದಿಂದ ಮಂಡಿ ನೋವಿರುವವರು ರಾತ್ರಿಯಿಡೀ ಮಂಡಿಯ ಕೆಳಗೆ ದಿಂಬು ಇಡಬಾರದು. ಹಿತವೆನಿಸಿದರೂ ಮಂಡಿ ಬಾಗಿದಂತೆಯೇ ಬಿಗಿದುಕೊಳ್ಳುವ ಅಪಾಯವಿದೆ.

ಏಳುವುದೂ ಮುಖ್ಯ

ಮಂಚದ ಅಂಚಿನಲ್ಲಿ ಕುಳಿತಾಗ ಪಾದಗಳು ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮಂಡಿಗಿಂತ ತುಸು ಮೇಲಿರಬೇಕು. ಹಾಸಿಗೆ ಸೇರಿ ಸುಮಾರು 18ರಿಂದ 20 ಅಂಗುಲ ಎತ್ತರ ಬಹಳ ಮಂದಿಗೆ ಹೊಂದುತ್ತದೆ. ಮಂಚ ತಗ್ಗಾಗಿದ್ದರೆ ಬಡಗಿಯಿಂದ ಕುಳಿ ತೆಗೆದ ಮರದ ದಿಮ್ಮಿ ಮಾಡಿಸಿ ಕಾಲುಗಳಿಗೆ ಕೊಡಿ. ಜರುಗುವ ಇಟ್ಟಿಗೆ ಬೇಡ.

ಅಂಗಾತ ಮಲಗಿದ್ದವರು ನೇರ ಎದ್ದು ಕೂರಬಾರದು. ಮಂಡಿ ಮಡಚಿ, ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಸುತ್ತಾ ಕೈಯಿಂದ ಹಾಸಿಗೆ ಒತ್ತಿ ಏಳಬೇಕು. ಕೈಗೆಟಕುವಂತೆ ನೀರು, ಟಾರ್ಚ್, ಊರುಗೋಲು ಇರಲಿ. ಬಚ್ಚಲಿನ ದಾರಿಯಲ್ಲಿ ಸೊಪ್ಪಿನ ಮೂಟೆಯಾಗಲಿ ಚಂದ್ರಿಕೆಯಾಗಲಿ ಅಡ್ಡ ಇಡಬೇಡಿ. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ 15-20 ನಿಮಿಷ ಇಡಬಹುದು, ಇಟ್ಟುಕೊಂಡೇ ನಿದ್ದೆ ಹೋಗಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಕಾಲಿನ ಹತ್ತಿರ ಬಿಸಿ ಚೀಲವೇ ಬೇಡ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ತಾವಾಗಿಯೇ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸು ಸುಕ್ಕಿಲ್ಲದೆ ಒಣಗಿರಲಿ. ಹಿಮ್ಮಡಿ, ಪೃಷ್ಠದ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯೇ ಅಥವಾ ಬಣ್ಣ ಬದಲಾಗಿದೆಯೇ ಎಂದು ದಿನವೂ ನೋಡಿ. ಅಲ್ಲಿ ಉಜ್ಜಬೇಡಿ, ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಬೇಡಿ.

ಉಳಿದವರಿಗೆ ಹಾಸಿಗೆ ರಾತ್ರಿಗೆ ಮಾತ್ರ. ಹೊಸದಾಗಿ ಸೊಂಟ ಹಿಡಿದವರಲ್ಲಿ ಎರಡು ದಿನದ ವಿಶ್ರಾಂತಿಯ ಸಲಹೆ ಏಳು ದಿನದ ಸಲಹೆಯಷ್ಟೇ ಫಲ ಕೊಟ್ಟಿತೆಂದು ಅಮೆರಿಕದ ಅಧ್ಯಯನವೊಂದು 1986ರಲ್ಲೇ ತೋರಿಸಿತು. ಹಗಲು ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ರಾತ್ರಿಯ ನಿದ್ದೆಯೂ ಕೆಡುತ್ತದೆ.

ತಪ್ಪು ಹಾಸಿಗೆಯದಲ್ಲದಿದ್ದಾಗ

ಇಷ್ಟೆಲ್ಲ ಮಾಡಿಯೂ ಯಾವ ಭಂಗಿಯಲ್ಲೂ ನೋವು ತಗ್ಗದಿದ್ದರೆ ಹಾಸಿಗೆಯನ್ನು ದೂರಬೇಡಿ, ಪರೀಕ್ಷೆ ಮಾಡಿಸಿ. ಬೆನ್ನು ನೋವಿನ ಜೊತೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಹಿಂದೆ ಕ್ಯಾನ್ಸರ್ ಆಗಿದ್ದವರೂ, ಬಿದ್ದ ಮೇಲೆ ನೋವು ಶುರುವಾದ ವಯಸ್ಸಾದವರೂ ತಡಮಾಡಬಾರದು. ಇಪ್ಪತ್ತು ಮೂವತ್ತರ ಹುಡುಗನಿಗೆ ಬೆಳಗಿನ ಜಾವ ಬೆನ್ನು ಬಿಗಿದು, ಓಡಾಡಿದ ಮೇಲೆ ಸಡಿಲವಾದರೆ ಅದು ಬೆನ್ನುಮೂಳೆಯ ವಾತರೋಗವಾಗಿರಬಹುದು. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೊರಡಿ.

ನಮ್ಮ ಭಾಗದಲ್ಲಿ ನೀರನ್ನೂ ಮರೆಯುವಂತಿಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಸೀಮೆಯ ಹಲವು ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಬಹುಕಾಲ ಅತಿಯಾಗಿ ಸೇರಿದರೆ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿದು ಬಗ್ಗಲಾಗದ ಸ್ಥಿತಿ ಬರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ಇಂಥ ಬಿಗಿತವಿದ್ದರೆ ಪಂಚಾಯಿತಿಯಲ್ಲಿ ವಿಚಾರಿಸಿ ನೀರು ಪರೀಕ್ಷೆ ಮಾಡಿಸಿ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಸಬೇಡಿ, ಹೊಟ್ಟೆಯ ಹುಣ್ಣಿಗೂ ಮೂತ್ರಪಿಂಡದ ತೊಂದರೆಗೂ ಅದು ದಾರಿ.

ಅಜ್ಜಿಯ ವಿಷಯಕ್ಕೆ ಬರೋಣ. ಆ ಮನೆಯ ಒಳಕೋಣೆ ರೇಷ್ಮೆ ಹುಳುಗಳದು, ಅಜ್ಜಿಯದು ನಡುಮನೆಯ ಮೂಲೆ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಸರಿಯಾದ ಜಾಗ, ಗಾಳಿ, ಶಾಖ, ಹೊತ್ತು ಹೊತ್ತಿಗೆ ಸೊಪ್ಪು ಎಲ್ಲವೂ ಆಗುತ್ತದೆ. ಬೆಳೆ ಕೈಕೊಟ್ಟರೆ ಮನೆ ನಡೆಯದು, ಆದ್ದರಿಂದ ಅದು ತಪ್ಪೆನ್ನಲಾರೆ. ಆ ಗಮನದ ಒಂದು ಪಾಲು ಅಮ್ಮನ ಮೂಲೆಗೂ ಸಿಗಲಿ ಎಂದಷ್ಟೇ ಮಗನಿಗೆ ಹೇಳಿದೆ. ಹಲಗೆಯನ್ನು ಮಂಚಕ್ಕೇರಿಸಿ, ಹಿಂಜಿಸಿದ ಹತ್ತಿ ಹಾಸಿಗೆ ಹಾಸಿ, ಎರಡು ದಿಂಬು ಕೊಟ್ಟರು. ಮೂರು ವಾರದ ನಂತರ ಅಜ್ಜಿ ಮತ್ತೆ ಬಂದರು. ನೋವು ಪೂರ್ತಿ ಹೋಗಿರಲಿಲ್ಲ, ಹೋಗುತ್ತದೆಂದು ನಾನು ಮಾತು ಕೊಟ್ಟೂ ಇರಲಿಲ್ಲ. ಆದರೆ ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತಿತ್ತು, ಸಂಜೆ ಹೆದರದೆ ನೀರು ಕುಡಿಯುತ್ತಿದ್ದರು.

ನಿಮ್ಮ ಮನೆಯಲ್ಲೂ ನೋವಿನಿಂದ ನರಳುವವರಿದ್ದರೆ ಇಂದು ರಾತ್ರಿ ಅವರ ಹಾಸಿಗೆಯ ಮೇಲೆ ನೀವೇ ಹತ್ತು ನಿಮಿಷ ಮಲಗಿ ನೋಡಿ. ಎಲ್ಲಿ ಒತ್ತುತ್ತದೆ, ಏಳಲು ಯಾವುದನ್ನು ಹಿಡಿಯಬೇಕಾಗುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.