ಸರ್ವರ್ ಅಂಗಡಿಯಲ್ಲೇ ಇದ್ದರೂ ಲೆಕ್ಕ ಹೊರಗೆ ಹೋದೀತು

ದೇವದುರ್ಗದ ಗೆಳೆಯರೇ,

ರಾಯಚೂರಿನ ಹತ್ತಿ, ಮಾನ್ವಿಯ ಭತ್ತದ ಖರೀದಿ ಲೆಕ್ಕವನ್ನು ಎಐ ಸಹಾಯಕನಿಗೆ ತೋರಿಸಲು ಅಂಗಡಿಯ ಲ್ಯಾಪ್‌ಟಾಪೇ ಸಾಕು. ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಮುಕ್ತವಾಗಿ ಹೊರತಂದ ಎಂಸಿಪಿಯನ್ನೇ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಎಐ ಸಹಾಯಕನನ್ನು ಹೊರಗಿನ ಡೇಟಾಕ್ಕೆ ಜೋಡಿಸುವ ನಿಯಮಾವಳಿ) ಅದಕ್ಕೆ ನೀವು ಆರಿಸಿದ್ದು ಸರಿ. ನೀವು ಬರೆದ ಎಂಸಿಪಿ ಸರ್ವರ್ ಶುರುವಾದ ಕೂಡಲೇ ಸಂಪರ್ಕ ಕಡಿಯುತ್ತಿರುವುದು ಬಹುಶಃ ಪ್ರಿಂಟ್ ಸಾಲುಗಳಿಂದ. ಸರ್ವರ್ ಮತ್ತು ಸಹಾಯಕ ಒಂದೇ ಯಂತ್ರದೊಳಗೆ ಹೀಗೆ ಮಾತಾಡುವಾಗ ಸ್ಟ್ಯಾಂಡರ್ಡ್ ಔಟ್‌ಪುಟ್ ಜೇಸನ್ ಸಂದೇಶಗಳಿಗೇ ಮೀಸಲು. ನಿಮ್ಮ ತಪಾಸಣೆಯ ಬರಹ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಲಿ. ದರ ಕ್ವಿಂಟಲಿಗೋ ಚೀಲಕ್ಕೋ ಎಂದು ಸರ್ವರ್ ಒದಗಿಸುವ ಟೂಲ್‌ನ ವಿವರಣೆಯಲ್ಲೇ ಬರೆಯಿರಿ. ಸಹಾಯಕ ಓದುವುದು ಅದನ್ನೇ.

ಲೆಕ್ಕ ಹೊರಗೆ ಹೋದೀತೆಂಬ ನಿಮ್ಮ ತಂದೆಯವರ ಭಯ ಸುಳ್ಳಲ್ಲ. ಟೂಲ್ ಕೊಟ್ಟ ಉತ್ತರವೆಲ್ಲ ಮಾಡೆಲ್‌ಗೆ ತಲುಪುತ್ತದೆ. ಸಹಾಯಕನ ಹಿಂದಿನ ಆ ಮಾಡೆಲ್ ದೂರದ ಕಂಪನಿಯ ಯಂತ್ರದಲ್ಲಿ ನಡೆಯುವುದಾದರೆ ರೈತರ ಹೆಸರು, ಬ್ಯಾಂಕ್ ಖಾತೆಯೂ ಅಲ್ಲಿಗೇ. ಆ ಕಾಲಂಗಳನ್ನು ಸರ್ವರ್‌ನಲ್ಲೇ ತೆಗೆದುಹಾಕಿ, ಡೇಟಾಬೇಸನ್ನು ಓದಲಷ್ಟೇ ತೆರೆಯಿರಿ. ತಿದ್ದುವ ಅಧಿಕಾರವೇ? ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ.