ನಿಷ್ಠಾಭಕ್ತಿ: ಮಂಗಳೂರಿನಿಂದ ಮರಳಿದ ಕಟ್ಟು

ಷಟ್‌ಸ್ಥಲಮಾರ್ಗದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆಯನ್ನೂ ಮಹೇಶಸ್ಥಲಕ್ಕೆ ನಿಷ್ಠೆಯನ್ನೂ ಲಕ್ಷಣವಾಗಿ ಹೇಳಿರುವರು. ಇವೆರಡೂ ಒಂದೇ ಎಂದು ಭಾವಿಸುವವರು ಬಹಳ. ಶ್ರದ್ಧೆಯಿಂದ ಕಾರ್ಯವು ಆರಂಭವಾಗುವುದು. ಆರಂಭದ ಉತ್ಸಾಹವು ಇಳಿದ ಮೇಲೂ ಅದನ್ನು ಬಿಡದಿರುವುದು ನಿಷ್ಠೆ. ಬಸವ ಜಯಂತಿಯ ದಿನ ತ್ರಿಕಾಲ ಲಿಂಗಪೂಜೆಯ ನಿಯಮವನ್ನು ಹಿಡಿದ ಗೃಹಸ್ಥನು ಕರಾವಳಿಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅದನ್ನು ಒಂದು ಕಾಲಕ್ಕೆ ಇಳಿಸಿ, ಶ್ರಾವಣಕ್ಕೆ ಮುಂಚೆಯೇ ಮರೆತುಬಿಡುವುದುಂಟು. ಅವನಲ್ಲಿ ಶ್ರದ್ಧೆಯಿರಲಿಲ್ಲವೆನ್ನಲಾಗದು. ಅದು ನಿಷ್ಠೆಯಾಗಿ ಬಲಿಯಲಿಲ್ಲ, ಅಷ್ಟೆ.

ಈ ಭೇದವನ್ನು ಅರಿಯಲು ಮಂಗಳೂರಿಗೆ ಸಂಬಂಧಿಸಿದ ಒಂದು ಪ್ರಸಂಗವು ಸಾಕು. ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯವು 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟನ್ನು ಅಚ್ಚುಮಾಡಿ ನಾಡಿನಲ್ಲೆಲ್ಲ ಹೆಸರು ಪಡೆದಿದ್ದಿತು. ವಿಜಯಪುರದಲ್ಲಿ ವಕೀಲಿ ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಬೇಡಿ ತಂದು, ಓದಿ, ನಕಲು ಮಾಡಿ, ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿದ್ದರು. ವಕೀಲನಿಗೆ ಕಕ್ಷಿಗಾರನೇ ಅನ್ನದಾತ. ತಾಡೋಲೆಯಾದರೋ ಶುಲ್ಕ ಕೊಡದು. ಹೀಗೆ ವರುಷಗಟ್ಟಲೆ ದುಡಿದು ಸಿದ್ಧಪಡಿಸಿದ ಹಸ್ತಪ್ರತಿಯ ಕಟ್ಟನ್ನು ಅವರು ಮಂಗಳೂರಿನ ಆ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ ಅದು ಅಚ್ಚಾಗದೆ ಹಿಂದಿರುಗಿತೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳಿರುವರು.

ಕಟ್ಟು ಮರಳಿ ಕೈಗೆ ಬಂದ ಆ ದಿನವನ್ನು ಓದುಗರು ಕ್ಷಣಕಾಲ ನೆನೆಯಬೇಕು. ಶ್ರದ್ಧೆಯೊಂದೇ ಇದ್ದವನಿಗೆ ಬಿಡಲು ಅದಕ್ಕಿಂತ ಒಳ್ಳೆಯ ನೆಪವು ದೊರೆಯದು. 'ನನ್ನ ಕೈಲಾದುದನ್ನು ಮಾಡಿದೆ, ಶಿವನ ಇಚ್ಛೆ ಬೇರೆಯಿತ್ತು' ಎಂದು ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟಿದ್ದರೆ ಯಾರೂ ದೂರುತ್ತಿರಲಿಲ್ಲ. ಶಿವನ ಇಚ್ಛೆಯ ಹೆಸರಿನಲ್ಲಿ ನಮ್ಮ ಆಲಸ್ಯವು ಎಷ್ಟು ಬಾರಿ ಅಡಗಿಕೊಂಡಿಲ್ಲ!

ಕಟ್ಟು ಬೆಳಗಾವಿಯ ದಾರಿ ಹಿಡಿಯಿತು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಲ್ಲಿ ಅಚ್ಚಾಗಿ ಹೊರಬಂದಿತು. ಪರರ ಅಚ್ಚುಕೂಟವನ್ನು ನಂಬಿದರೆ ಕಾರ್ಯವು ಮತ್ತೆ ನಿಲ್ಲಬಹುದೆಂದು ಕಂಡು, ಅವರು ತಮ್ಮ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ತಾವು ಬಾಡಿಗೆಯ ಮನೆಯಲ್ಲಿದ್ದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯು ಆರಂಭವಾಯಿತು.

ಪತ್ರಿಕೆಯ ವಿಷಯದಲ್ಲಿ ಗೃಹಸ್ಥರು ಗಮನಿಸಬೇಕಾದುದು ಒಂದಿದೆ. ಪತ್ರಿಕೆಗೆ ತಿಥಿಯುಂಟು, ಮನಸ್ಸು ಉಲ್ಲಾಸದಿಂದಿರಲಿ ಬಿಡಲಿ, ಮುಂದಿನ ಸಂಚಿಕೆಯನ್ನು ಹೊರಡಿಸಲೇಬೇಕು, ಕಾದಿರುವ ಓದುಗರಿಗೆ ಉತ್ತರ ಹೇಳಲೇಬೇಕು. ಸಾಗರದಷ್ಟು ಕಾರ್ಯವನ್ನು ಸಂಚಿಕೆಯಷ್ಟಕ್ಕೆ ಇಳಿಸಿ, ಅದಕ್ಕೆ ದಿನವನ್ನೂ ಸಾಕ್ಷಿಯನ್ನೂ ಕಟ್ಟಿಟ್ಟರು. ಮಂಗಳೂರಿನ ಬಂದರಿನಲ್ಲಿ ಅಂಗಡಿಯಿಟ್ಟವನೂ ಇದನ್ನು ಮಾಡಬಲ್ಲನು. ನೂರು ವಚನ ಬಾಯಿಪಾಠ ಮಾಡುವೆನೆಂಬ ಸಂಕಲ್ಪಕ್ಕಿಂತ, ಬೀಗ ತೆಗೆಯಲು ಹೊರಡುವ ಮುನ್ನ ಮನೆಯವರೆದುರು ಒಂದು ವಚನವನ್ನು ಓದುವ ನಿಯಮವು ಹೆಚ್ಚು ಕಾಲ ಬಾಳುವುದು. ಅವನು ಮರೆತರೆ ಮಗುವಾದರೂ ಕೇಳುವುದು.

'ನಡುವೆ ನಾಲ್ಕು ದಿನ ತಪ್ಪಿತು, ಇನ್ನೇನು ಫಲ?' ಎಂದು ಕೆಲವರು ಸಂಶಯಪಡುವರು. ತಪ್ಪಿದ ನಾಲ್ಕು ದಿನಗಳೂ ಮಂಗಳೂರಿನಿಂದ ಮರಳಿದ ಕಟ್ಟೇ. ಅದನ್ನು ಐದನೆಯ ದಿನ ಬಿಚ್ಚಿ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಓದತೊಡಗುವುದು.